ಅರಳೆಯ ಹಿಮ

ಡಿಸೆಂಬರ್ ತಿಂಗಳ ಎರಡನೆಯ ವಾರ ಬಂತೆಂದರೆ ನಮ್ಮ ಊರ ಪೇಟೆಯಲ್ಲಿ ಹಿಮ ಬೀಳತೊಡಗುತ್ತದೆ. ಬಟ್ಟೆಯಂಗಡಿಗಳ ಗಾಜಿನ ಹಿಂದೆ, ಬೇಕರಿಗಳ ಕಪಾಟಿನ ಮೇಲೆ, ಚಿನ್ನದಂಗಡಿಯ ಬಾಗಿಲ ಎರಡು ಪಕ್ಕದಲ್ಲೂ ಬೆಳ್ಳನೆಯ ಹಿಮ. ಹತ್ತಿರ ಹೋಗಿ ಮುಟ್ಟಿ ನೋಡಿದರೆ ಅದು ಅರಳೆ. ಔಷಧದಂಗಡಿಯಲ್ಲಿ ಸುರುಳಿ ಸುತ್ತಿ ಮಾರುವ ಅರಳೆಯನ್ನೇ ಬಿಚ್ಚಿ, ಹಿಂಜಿ, ಪ್ಲಾಸ್ಟಿಕ್ಕಿನ ಮರದ ಕೊಂಬೆಗಳ ಮೇಲೆ ಹರಡಿರುತ್ತಾರೆ.

ಅಂಥ ಒಂದು ಗಾಜಿನ ಮುಂದೆ ಮೊನ್ನೆ ಸಂಜೆ ಗಿರಣಿಯ ಕಾರ್ಡಿಂಗ್ ಖಾತೆಯ ಕೆಲಸಗಾರರೊಬ್ಬರು ಮೊದಲ ಪಾಳಿ ಮುಗಿಸಿ, ಮಗಳ ಕೈ ಹಿಡಿದು ನಿಂತಿದ್ದುದನ್ನು ನಾವು ಕಂಡೆವು. ಅವರ ಕೂದಲಿನ ಮೇಲೆ, ಹುಬ್ಬಿನ ಮೇಲೆ, ಅಂಗಿಯ ಹೆಗಲಿನ ಮೇಲೆ ಅರಳೆ ಅಂಟಿಕೊಂಡಿತ್ತು. ಗಾಜಿನ ಒಳಗಿನ ಹಿಮವೂ ಹೊರಗಿನ ಹಿಮವೂ ಒಂದೇ ಜಾತಿಯ ಹತ್ತಿ. ಒಳಗಿನದಕ್ಕೆ ಬಣ್ಣದ ದೀಪ ಹಾಕಿದ್ದರು, ಹೊರಗಿನದು ಕೆಮ್ಮುತ್ತಿತ್ತು.

“ಅಪ್ಪಾ, ನಮ್ಮನೇಲಿ ಯಾವಾಗ ಹಿಂಗೆ ಮಾಡೋದು?” ಎಂದು ಹುಡುಗಿ ಕೇಳಿದಳು.

“ಮಾಡೋಣ ಕಣವ್ವಾ, ಚೀಟಿ ದುಡ್ಡು ಬರಲಿ” ಎಂದರು ಅವರು. ನಮ್ಮನ್ನು ಕಂಡು, “ನಮಸ್ಕಾರ ಮೇಷ್ಟ್ರೇ” ಎಂದು ಸ್ವಲ್ಪ ಸಂಕೋಚದಿಂದ ನಕ್ಕು ಹೊರಟುಹೋದರು.

ಈ ವಾರ ನಾವು ಬರೆಯಹೊರಟಿರುವುದು ಆ ಸಂಕೋಚದ ನಗೆಯ ವಿಚಾರವನ್ನು. ಬೇಳೆಯ ಬೆಲೆ, ಗಿರಣಿಯ ಹೊಸ ಕೆಲಸದ ಹೊರೆ, ಪೇಟೆಯ ಬಾಡಿಗೆ ಇವನ್ನೆಲ್ಲ ಬಿಟ್ಟು ಕ್ರಿಸ್ಮಸ್ ಹಬ್ಬದ ಮಾತೇಕೆ ಎಂದು ಕೇಳುವ ವಾಚಕರು ಉಂಟು. ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಎಷ್ಟು ಮಹಾ ಎಂದೂ ಕೇಳಿಯಾರು. ಗಿರಣಿಯ ಹಿಂದಿನ ಓಣಿಯಲ್ಲಿ ಮೂವತ್ತು ಮನೆಗಳಿರಬಹುದು. ಕೆಲವರು ಗದಗು-ಬೆಟಗೇರಿಯ ಕಡೆಯಿಂದ ಬಂದವರು, ಕೆಲವರು ಮಂಗಳೂರಿನ ಕಡೆಯವರು. ಆದರೆ ಹಬ್ಬವೆಂದರೆ ಹೀಗಿರಬೇಕು ಎಂದು ಯಾರೋ ಬರೆದಿಟ್ಟ ಚಿತ್ರವನ್ನು ನೋಡಿ, ನಮ್ಮ ಮನೆಯ ಹಬ್ಬಕ್ಕೆ ನಾವೇ ನಾಚಿಕೊಳ್ಳುವ ರೋಗ ಆ ಮೂವತ್ತು ಮನೆಗಳಿಗೆ ಮಾತ್ರ ತಗುಲಿದ್ದಲ್ಲ. ಮದುವೆಯಲ್ಲಿ, ದೀಪಾವಳಿಯಲ್ಲಿ, ರಂಜಾನಿನಲ್ಲಿ ಅದು ಎಲ್ಲರ ಹೊಸಿಲನ್ನೂ ದಾಟಿ ಬಂದಿದೆ. ಕ್ರಿಸ್ಮಸ್ಸಿನಲ್ಲಿ ಆ ಚಿತ್ರ ಎಲ್ಲಿಂದ ಬಂತು, ಯಾರು ಬರೆದರು ಎಂಬುದಕ್ಕೆ ಇಸವಿ ಸಹಿತ ದಾಖಲೆ ಸಿಕ್ಕುತ್ತದೆ ಎಂಬುದೇ ಅದನ್ನು ಆರಿಸಿಕೊಳ್ಳಲು ಕಾರಣ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇವೆ. ಪಕ್ಷದ ಕೆಲಸಕ್ಕೆ ಬರುವ ಮುಂಚೆ ನಾವು ಶಾಲೆಯಲ್ಲಿ ಪಾಠ ಹೇಳುತ್ತಿದ್ದೆವು. ಒಂದು ವರ್ಷ ಏಳನೆಯ ತರಗತಿಗೆ ‘ಕ್ರಿಸ್ಮಸ್ ಹಬ್ಬ’ ಎಂದು ಪ್ರಬಂಧ ಕೊಟ್ಟೆವು. ತರಗತಿಯ ನಲವತ್ತು ಮಕ್ಕಳೂ ಹಿಮ ಬೀಳುವುದನ್ನು ಬರೆದರು, ಬೆಂಕಿಗೂಡಿನ ಮುಂದೆ ಕಾಲುಚೀಲ ಕಟ್ಟುವುದನ್ನು ಬರೆದರು, ಜಾರುಬಂಡಿಯಲ್ಲಿ ಬರುವ ಕೆಂಪು ಅಂಗಿಯ ಮುದುಕನನ್ನು ಬರೆದರು. ಹಿಮವನ್ನು ಅವರಲ್ಲಿ ಒಬ್ಬರೂ ಕಂಡವರಲ್ಲ, ನಾವೂ ಕಂಡಿರಲಿಲ್ಲ. ಆ ಓಣಿಯ ಒಬ್ಬ ಹುಡುಗ ಮಾತ್ರ ಬೇರೆ ಬರೆದ. ಅವ್ವ ಮೂರು ದಿನದಿಂದ ಕರ್ಚೀಕಾಯಿ ಕರಿಯುತ್ತಿದ್ದಾಳೆ, ಎಣ್ಣೆ ಸಾಲದೆ ಪಕ್ಕದ ಮನೆಯ ಸಾಬರ ಮನೆಯಿಂದ ತಂದೆವು, ಅಪ್ಪನಿಗೆ ಎರಡನೆಯ ಪಾಳಿ, ಹನ್ನೊಂದಕ್ಕೆ ಬಿಟ್ಟ ಮೇಲೆ ನೇರ ಚರ್ಚಿಗೆ ಬಂದರು, ತಲೆಯ ತುಂಬ ಅರಳೆ ಇತ್ತು, ಎಲ್ಲರೂ ನಕ್ಕರು ಎಂದು. ಅಷ್ಟೇ, ಒಂದು ಪುಟ. ನಾವು ಕೆಂಪು ಮಸಿಯಲ್ಲಿ ‘ಹಬ್ಬದ ವರ್ಣನೆ ಸಾಲದು’ ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆವು. ಹಿಮ ಬರೆದವರಿಗೆ ಏಳು, ಎಂಟು.

ಆ ನಾಲ್ಕು ಅಂಕ ಇವತ್ತಿಗೂ ನಮ್ಮನ್ನು ಚುಚ್ಚುತ್ತದೆ. ಅದಿರಲಿ.

ಗಾಜಿನ ಹಿಂದಿನ ಆ ಚಿತ್ರದ ಹುಟ್ಟನ್ನು ನೋಡೋಣ. ೧೮೪೮ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಸಚಿತ್ರ ವಾರಪತ್ರಿಕೆ, ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’, ವಿಂಡ್ಸರ್ ಅರಮನೆಯ ಕ್ರಿಸ್ಮಸ್ ಮರದ ಚಿತ್ರವನ್ನು ಅಚ್ಚು ಹಾಕಿತು. ಮೇಜಿನ ಮೇಲೆ ದೀಪಗಳಿಂದ ತುಂಬಿದ ಮರ. ಸುತ್ತಲೂ ವಿಕ್ಟೋರಿಯಾ ರಾಣಿ, ಜರ್ಮನಿಯಿಂದ ಬಂದ ಆಕೆಯ ಗಂಡ ಆಲ್ಬರ್ಟ್, ಮಕ್ಕಳು. ಮನೆಯೊಳಗೆ ಮರವಿಡುವ ಪದ್ಧತಿ ಜರ್ಮನಿಯದು. ಇಂಗ್ಲೆಂಡಿನ ಬಹುಪಾಲು ಮನೆಗಳಿಗೆ ಅಂದು ಅದು ಹೊಸತು. ಆ ವರ್ಷ ಎಂಥ ವರ್ಷ ಎಂಬುದನ್ನು ನಮ್ಮ ವಾಚಕರು ನೆನೆಯಬೇಕು. ಅದೇ ೧೮೪೮ರ ಏಪ್ರಿಲ್ ೧೦ರಂದು ಓಟಿನ ಹಕ್ಕು ಬೇಕೆಂದು ಚಾರ್ಟಿಸ್ಟ್ ಕಾರ್ಮಿಕರು ಲಂಡನ್ನಿನ ಕೆನಿಂಗ್‌ಟನ್ ಮೈದಾನದಲ್ಲಿ ಸೇರಿದ್ದರು. ರಾಣಿಯ ಕುಟುಂಬವನ್ನು ಅದಕ್ಕೆ ಮೊದಲೇ ಲಂಡನ್ನಿನಿಂದ ದೂರ ಕಳುಹಿಸಿದ್ದರು. ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಜನ ಹಸಿವಿನಿಂದ ಸಾಯುತ್ತಿದ್ದರು. ಡಿಸೆಂಬರಿಗೆ ಪತ್ರಿಕೆ ಮರದ ಚಿತ್ರ ಹಾಕಿತು.

ಕಥೆಯ ರಸಭಾಗ ಇದರ ಮುಂದಿದೆ. ಎರಡು ವರ್ಷದ ನಂತರ, ೧೮೫೦ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹೊರಡುತ್ತಿದ್ದ ಒಂದು ಮಹಿಳಾ ಮಾಸಪತ್ರಿಕೆ, ‘ಗೋಡೀಸ್ ಲೇಡೀಸ್ ಬುಕ್’, ಅದೇ ಚಿತ್ರವನ್ನು ತೆಗೆದುಕೊಂಡಿತು. ಅಮೆರಿಕದಲ್ಲಿ ರಾಜರಿಲ್ಲವಷ್ಟೆ. ಆದುದರಿಂದ ಅಚ್ಚಿನ ಫಲಕದಲ್ಲಿ ರಾಣಿಯ ತಲೆಯ ಮುಕುಟವನ್ನು ಕೆರೆದು ತೆಗೆದರು. ಆಲ್ಬರ್ಟನ ಮೀಸೆಯನ್ನು ತೆಗೆದರು. ರಾಜಚಿಹ್ನೆಗಳನ್ನೂ ಅಳಿಸಿದರು. ಉಳಿದದ್ದು ಒಬ್ಬ ತಂದೆ, ಒಬ್ಬ ತಾಯಿ, ಮಕ್ಕಳು, ಒಂದು ಮರ. ಇದು ಅಮೆರಿಕದ ಒಂದು ಸಾಧಾರಣ ಮನೆ ಎಂದು ಓದುಗರು ನಂಬಿದರು. ಆ ಚಿತ್ರ ದೇಶವೆಲ್ಲ ಹಬ್ಬಿತು. ಪೆನ್ಸಿಲ್ವೇನಿಯದಲ್ಲಿ ಜರ್ಮನ್ ವಲಸೆಗಾರರ ಮನೆಗಳಲ್ಲಿ ಅದಕ್ಕೆ ಮುಂಚೆಯೇ ಮರಗಳಿದ್ದವು ನಿಜ. ಆದರೆ ಎಲ್ಲರಿಗೂ ಬೇಕೆನಿಸಿದ್ದು ವಲಸೆಗಾರನ ಮನೆಯ ಮರವಲ್ಲ.

ಮುಕುಟವನ್ನು ಅಳಿಸಿದರು, ಅರಮನೆಯನ್ನು ಅಳಿಸಲಿಲ್ಲ. ನಮ್ಮ ವಾದವೆಲ್ಲ ಇರುವುದು ಇಷ್ಟರಲ್ಲಿಯೇ. ಅರಮನೆಯ ಹಬ್ಬವೆಂದು ಗೊತ್ತಿದ್ದರೆ ಬಡವನು ಅದನ್ನು ನೋಡಿ ಸಂತೋಷಪಟ್ಟು, ಹೋಗಲಿ, ಅವರು ಅರಸರು, ಎಂದು ತನ್ನ ಮನೆಗೆ ಹೋಗುತ್ತಿದ್ದನು. ನಾಚಿಕೆಗೆ ಅಲ್ಲಿ ಎಡೆಯಿಲ್ಲ. ಇದು ಎಲ್ಲರ ಮನೆಯ ಹಬ್ಬ, ನಿನ್ನ ಮನೆಯಲ್ಲಿ ಮಾತ್ರ ಇಲ್ಲ, ಎಂದು ಹೇಳಿದಾಗಲೇ ಅವನ ಮುಖ ಕೆಳಗಾಗುತ್ತದೆ. ಇಂದಿಗೂ ಗಾಜಿನ ಹಿಂದೆ, ಸಿನಿಮಾದಲ್ಲಿ, ಕೈಯಲ್ಲಿರುವ ಫೋನಿನ ಮೇಲೆ ನಾವು ಕಾಣುವ ‘ಸಾಮಾನ್ಯ ಕುಟುಂಬ’ದ ಹಬ್ಬಗಳನ್ನು ಸ್ವಲ್ಪ ಕೆರೆದು ನೋಡಿದರೆ, ಮುಕುಟವಿದ್ದ ಜಾಗದ ಗುರುತು ಕಾಣುತ್ತದೆ.

ಹಾಗಾದರೆ ಸಾಮಾನ್ಯರ ಕ್ರಿಸ್ಮಸ್ ಹೇಗಿತ್ತು? ಅದನ್ನು ತಿಳಿಯಲು ಚಾರ್ಲ್ಸ್ ಡಿಕನ್ಸನ ‘ಎ ಕ್ರಿಸ್ಮಸ್ ಕೆರೊಲ್’ ಎಂಬ ಕಿರುಕಾದಂಬರಿಗೆ ಹೋಗಬೇಕು. ಅದು ಪ್ರಕಟವಾದದ್ದು ೧೮೪೩ರ ಡಿಸೆಂಬರ್ ೧೯ರಂದು. (ನಮ್ಮ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹುಟ್ಟಿದ್ದೂ ಅದೇ ವರ್ಷ, ಪತ್ರಿಕೆ ನಡೆಸಿ ಸಾಲ ಮಾಡಿಕೊಂಡಿರುವ ನಮಗೆ ಇಂಥವು ನೆನಪಿನಲ್ಲಿ ಉಳಿಯುತ್ತವೆ.) ಗಣಿಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ಮಕ್ಕಳನ್ನು ದುಡಿಸಿಕೊಳ್ಳುತ್ತಿದ್ದುದರ ಬಗ್ಗೆ ಸರ್ಕಾರಿ ಆಯೋಗದ ವರದಿಯನ್ನು ಆ ವರ್ಷ ಓದಿ, ಡಿಕನ್ಸ್ ಮೊದಲು ಒಂದು ಕರಪತ್ರ ಬರೆಯಬೇಕೆಂದಿದ್ದನು. ಕೊನೆಗೆ ಕರಪತ್ರವನ್ನು ಬಿಟ್ಟು ಕಥೆ ಬರೆದನು.

ಆ ಕಥೆಯ ಗುಮಾಸ್ತ ಬಾಬ್ ಕ್ರ್ಯಾಚಿಟ್ಟನಿಗೆ ವಾರಕ್ಕೆ ೧೫ ಷಿಲಿಂಗ್ ಸಂಬಳ, ಆರು ಮಕ್ಕಳು. ಕ್ರಿಸ್ಮಸ್ ದಿನದ ಒಂದು ರಜೆಗೆ ಅವನು ಧಣಿಯ ಮುಂದೆ ನಿಂತು ಬೈಸಿಕೊಳ್ಳಬೇಕು. ಮರುದಿನ ಬೇಗ ಬರುತ್ತೇನೆಂದು ಒಪ್ಪಿಕೊಳ್ಳಬೇಕು. ಅವನ ದೊಡ್ಡ ಮಗಳು ಟೋಪಿ ಹೊಲಿಯುವ ಅಂಗಡಿಯಲ್ಲಿ ಕೆಲಸದವಳು. ಹಿಂದಿನ ರಾತ್ರಿಯ ಕೆಲಸ ಮುಗಿಯದೆ ಹಬ್ಬದ ದಿನ ಮನೆಗೆ ತಡವಾಗಿ ಬರುತ್ತಾಳೆ. ಮನೆಯಲ್ಲಿ ಒಲೆಯುಂಟು, ಹುರಿಯುವ ದೊಡ್ಡ ಗೂಡು ಇಲ್ಲ; ಹಬ್ಬದ ಬಾತುಕೋಳಿಯನ್ನು ಬ್ರೆಡ್ಡಿನವನ ಭಟ್ಟಿಗೆ ಕೊಟ್ಟು ಬೇಯಿಸಿಕೊಂಡು ಬರುತ್ತಾರೆ. ಪುಡಿಂಗನ್ನು ಬೇಯಿಸುವುದು ಬಟ್ಟೆ ಕುದಿಸುವ ತಾಮ್ರದ ಹಂಡೆಯಲ್ಲಿ. ಮುಚ್ಚಳ ತೆಗೆದರೆ ಒಗೆಯುವ ದಿನದ ವಾಸನೆ. ಇವು ಡಿಕನ್ಸ್ ಕಲ್ಪಿಸಿಕೊಂಡ ಅಲಂಕಾರಗಳಲ್ಲ. ಲಂಡನ್ನಿನ ಬಡ ಕುಟುಂಬಗಳು ವಾರ ವಾರ ಪೆನ್ನಿ ಕಟ್ಟಿ ಹಬ್ಬಕ್ಕೊಂದು ಬಾತು ಪಡೆಯುವ ಚೀಟಿಗಳನ್ನು ನಡೆಸುತ್ತಿದ್ದವು. ನಮ್ಮ ಓಣಿಯ ಹಬ್ಬದ ಚೀಟಿಗೂ ಅದಕ್ಕೂ ಏನು ವ್ಯತ್ಯಾಸ?

ಆ ಭಟ್ಟಿಯ ವಿಚಾರವನ್ನು ಇನ್ನೊಂದು ಗಳಿಗೆ ಹೇಳಬೇಕು. ೧೮೩೦ರ ದಶಕದಲ್ಲಿ ಸರ್ ಆಂಡ್ರ್ಯೂ ಆಗ್ನ್ಯೂ ಎಂಬ ಪಾರ್ಲಿಮೆಂಟ್ ಸದಸ್ಯನು, ಭಾನುವಾರ ದೇವರ ದಿನ, ಅಂದು ಯಾವ ಅಂಗಡಿಯೂ ತೆರೆಯಬಾರದು ಎಂದು ಮತ್ತೆ ಮತ್ತೆ ಮಸೂದೆ ತಂದನು. ಅದು ಕಾನೂನಾಗಿದ್ದರೆ ಬ್ರೆಡ್ಡಿನವನ ಭಟ್ಟಿ ಮುಚ್ಚುತ್ತಿತ್ತು. ವಾರಕ್ಕೆ ಒಂದು ದಿನ ಬಿಸಿ ಮಾಂಸದೂಟ ಉಣ್ಣುತ್ತಿದ್ದ ಬಡವನಿಗೆ ಅದೂ ತಪ್ಪುತ್ತಿತ್ತು. ಧಣಿಗಳ ಮನೆಯಲ್ಲಿ ಅಡಿಗೆಯವರಿದ್ದರು, ಸ್ವಂತ ಗೂಡಿತ್ತು. ಅವರ ಭಾನುವಾರಕ್ಕೆ ಏನೂ ಕೊರತೆಯಿಲ್ಲ. ೧೮೩೬ರಲ್ಲಿ ಡಿಕನ್ಸ್ ಬೇರೆ ಹೆಸರಿನಲ್ಲಿ ಇದರ ವಿರುದ್ಧ ಒಂದು ಪುಸ್ತಿಕೆಯನ್ನೇ ಬರೆದನು. ಬಡವರಿಗೆ ಭಕ್ತಿ, ಸರಳತೆ, ಮಿತವ್ಯಯ ಇವನ್ನು ಕಾನೂನಿನಿಂದ ಕಲಿಸಲು ಬರುವವರ ಅಡಿಗೆಮನೆಯನ್ನು ಒಮ್ಮೆ ನೋಡಿಬರುವುದು ಒಳ್ಳೆಯದು.

ಇಷ್ಟು ಬರೆದ ಡಿಕನ್ಸನೂ ಚಂದದ ಚಿತ್ರದ ಮೋಹಕ್ಕೆ ಸಿಕ್ಕಿದನು ಎಂಬುದನ್ನು ನಮ್ಮ ವ್ಯಾಪಾರಿ ಮಿತ್ರರು ಗಮನಿಸಬೇಕು. ಪುಸ್ತಕಕ್ಕೆ ಚಿನ್ನದ ಅಂಚು, ಬಣ್ಣದ ಚಿತ್ರ, ಒಳ್ಳೆಯ ರಟ್ಟು ಬೇಕೆಂದು ಹಟ ಹಿಡಿದು ಮಾಡಿಸಿದನು. ಕ್ರಿಸ್ಮಸ್ಸಿನ ಹಿಂದಿನ ದಿನದೊಳಗೆ ಆರು ಸಾವಿರ ಪ್ರತಿ ಖರ್ಚಾಯಿತು. ಸಾವಿರ ಪೌಂಡ್ ಬರುತ್ತದೆಂದು ಕಾದಿದ್ದವನಿಗೆ ಆ ಮೊದಲ ಮುದ್ರಣದಿಂದ ಬಂದದ್ದು ಸುಮಾರು ೨೩೦ ಪೌಂಡ್. ಉಳಿದದ್ದನ್ನು ಅಲಂಕಾರ ತಿಂದಿತ್ತು. ಇಷ್ಟಾಗಿ ಪುಸ್ತಕದ ಬೆಲೆ ಐದು ಷಿಲಿಂಗ್. ಎಂದರೆ ಬಾಬ್ ಕ್ರ್ಯಾಚಿಟ್ಟನು ತನ್ನದೇ ಕಥೆಯನ್ನು ಕೊಂಡು ಓದಬೇಕೆಂದಿದ್ದರೆ ವಾರದ ಸಂಬಳದಲ್ಲಿ ಮೂರರಲ್ಲೊಂದು ಪಾಲು ಕೊಡಬೇಕಾಗಿತ್ತು.

ಮರ ಬಂತು. ಮರಕ್ಕೆ ತೂಗುಹಾಕುವ ಹೊಳಪಿನ ಗಾಜಿನ ಗುಂಡುಗಳು ಎಲ್ಲಿಂದ ಬಂದವು? ಜರ್ಮನಿಯ ತುರಿಂಗಿಯಾ ಪ್ರಾಂತದಲ್ಲಿ ಲೌಷಾ ಎಂಬ ಬೆಟ್ಟದ ಹಳ್ಳಿಯಿದೆ. ೧೯ನೆಯ ಶತಮಾನದಲ್ಲಿ ಅಲ್ಲಿ ಮನೆಮನೆಯೂ ಗಾಜಿನ ಕಾರ್ಖಾನೆಯಾಗಿತ್ತು. ಗಂಡಸು ಅಡಿಗೆಮನೆಯ ಮೇಜಿನ ಮೇಲೆ ದೀಪದ ಜ್ವಾಲೆಯಲ್ಲಿ ಗಾಜಿನ ಕೊಳವೆಯನ್ನು ಕಾಸಿ ಊದಿ ಗುಂಡು ಮಾಡುವನು. ಹೆಂಗಸು ಒಳಗೆ ಬೆಳ್ಳಿಯ ದ್ರಾವಣ ಹುಯ್ದು ಕುಲುಕಿ ಹೊಳಪು ಬರಿಸುವಳು. ಮಕ್ಕಳು ಬಣ್ಣ ಹಚ್ಚುವರು. ಆಮೇಲೆ ಬೆನ್ನಿನ ಬುಟ್ಟಿಯಲ್ಲಿ ತುಂಬಿಕೊಂಡು ಬೆಟ್ಟದ ಕೆಳಗೆ ಸೊನ್ನೆಬರ್ಗ್ ಪೇಟೆಯ ಸಾಹುಕಾರನಲ್ಲಿಗೆ ಹೋಗಬೇಕು. ಅವನು ಹೇಳಿದ್ದೇ ಬೆಲೆ. ಮನೆಯಲ್ಲಿ ಬೀಡಿ ಕಟ್ಟುವ, ಊದಿನಕಡ್ಡಿ ಹೊಸೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವಿಲ್ಲ.

ಆ ಗುಂಡುಗಳನ್ನು ಅಮೆರಿಕದಲ್ಲಿ ದೊಡ್ಡದಾಗಿ ಮಾರಿದವನು ಫ್ರ್ಯಾಂಕ್ ವುಲ್‌ವರ್ತ್, ಐದು-ಹತ್ತು ಸೆಂಟಿನ ಅಂಗಡಿಗಳ ಒಡೆಯ. ೧೮೮೦ರಲ್ಲಿ ಮೊದಲ ಸಲ ಹೆದರಿ ಹೆದರಿ ೨೫ ಡಾಲರಿನ ಮಾಲು ಮಾತ್ರ ತೆಗೆದುಕೊಂಡೆ, ಎರಡೇ ದಿನದಲ್ಲಿ ಖಾಲಿಯಾಯಿತು, ಎಂದು ಅವನು ಹೇಳಿಕೊಂಡದ್ದುಂಟು. ಹತ್ತು ವರ್ಷದ ಮೇಲೆ ತಾನೇ ಜರ್ಮನಿಗೆ ಹೋಗಿ ಈ ಮನೆಗಳನ್ನು ಕಂಡನು. ಇವನ್ನು ಮಾಡುವವರು ಕಡುಬಡವರು ಎಂದು ಮನೆಗೆ ಬರೆದ ಪತ್ರದಲ್ಲಿ ಅವನೇ ತಿಳಿಸಿದ್ದಾನೆ. ತಿಳಿಸಿ, ಮಾಲು ಕೊಂಡು, ಊರಿಗೆ ಹೋದನು. ೧೯೧೩ರಲ್ಲಿ ನ್ಯೂಯಾರ್ಕಿನಲ್ಲಿ ಅವನ ಹೆಸರಿನ ಕಟ್ಟಡ ಪೂರ್ಣವಾಯಿತು. ಅಂದಿಗೆ ಪ್ರಪಂಚದಲ್ಲಿ ಅಷ್ಟು ಎತ್ತರದ ಕಟ್ಟಡ ಇನ್ನೊಂದಿರಲಿಲ್ಲ. ಅದಕ್ಕೆ ಆದ ಒಂದು ಕೋಟಿ ಮೂವತ್ತೈದು ಲಕ್ಷ ಡಾಲರನ್ನು ಅವನು ರೊಕ್ಕದಲ್ಲಿಯೇ ಕೊಟ್ಟನು. ಲೌಷಾದ ಅಡಿಗೆಮನೆಗಳು ಹಾಗೆಯೇ ಇದ್ದವು. ಈಗ ಪ್ರಪಂಚದ ಕ್ರಿಸ್ಮಸ್ ಅಲಂಕಾರದಲ್ಲಿ ಬಹುಪಾಲು ಬರುವುದು ಚೀನದ ಯಿವು ಎಂಬ ನಗರದಿಂದ. ನಮ್ಮ ಪೇಟೆಯ ಗಾಜಿನ ಹಿಂದಿನ ಮರದ ಬುಡದಲ್ಲಿ ಅಂಟಿಸಿದ ಚೀಟಿಯನ್ನು ಓದಿ ನೋಡಬಹುದು.

ಹಬ್ಬ ಅಂಗಡಿಗಾಗಿ, ಅಂಗಡಿ ಹಬ್ಬಕ್ಕಾಗಿ ಅಲ್ಲ ಎಂಬುದು ಪೂರ್ತಿ ಬಯಲಾದ ಒಂದು ಪ್ರಸಂಗವೂ ಉಂಟು. ಅಮೆರಿಕದಲ್ಲಿ ಆಗ ನವೆಂಬರ್ ಕೊನೆಯ ಗುರುವಾರ ಕೃತಜ್ಞತೆಯ ಹಬ್ಬ ನಡೆಯುತ್ತಿತ್ತು. ಅದು ಕಳೆದ ಮೇಲೆಯೇ ಕ್ರಿಸ್ಮಸ್ ವ್ಯಾಪಾರ ತೊಡಗುವುದು ರೂಢಿಯಾಗಿತ್ತು. ೧೯೩೯ರಲ್ಲಿ ಆ ಗುರುವಾರ ತಿಂಗಳ ೩೦ಕ್ಕೆ ಬಿತ್ತು. ವ್ಯಾಪಾರದ ದಿನಗಳು ಕಡಮೆಯಾಗುತ್ತವೆಂದು ದೊಡ್ಡ ಅಂಗಡಿಗಳವರು ಮೊರೆಯಿಟ್ಟರು. ಅಧ್ಯಕ್ಷ ರೂಸ್‌ವೆಲ್ಟರು ಹಬ್ಬವನ್ನೇ ಒಂದು ವಾರ ಹಿಂದಕ್ಕೆ ತಂದುಬಿಟ್ಟರು. ಅರ್ಧದಷ್ಟು ರಾಜ್ಯಗಳು ಒಪ್ಪಿದವು, ಉಳಿದವು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ದಿನ ಹಬ್ಬ. ೧೯೪೧ರಲ್ಲಿ ಕಾನೂನು ಮಾಡಿ ನಾಲ್ಕನೆಯ ಗುರುವಾರ ಎಂದು ನಿಲ್ಲಿಸಬೇಕಾಯಿತು. ನಮ್ಮಲ್ಲಿ ಪಂಚಾಂಗದವರು ಜಗಳವಾಡಿದರೂ ತಿಥಿಗಾಗಿ ಆಡುತ್ತಾರೆ.

ಇಷ್ಟು ಓದಿದವರು, ಸರಿ, ಹಾಗಾದರೆ ದುಡಿಯುವವನು ಇಂಥ ಕನಸನ್ನೇ ಕಾಣಬಾರದು ಎನ್ನುತ್ತೀರಾ ಎಂದು ಕೇಳಿಯಾರು. ನಮ್ಮ ಪಕ್ಷದ ಒಬ್ಬ ಹಿರಿಯರು ಹಾಗೆಯೇ ಬರೆಯಬೇಕೆಂದು ನಮಗೆ ಸಲಹೆ ಕೊಟ್ಟರು. ಹಬ್ಬದ ಖರ್ಚು ಬಿಡಿ, ಸರಳವಾಗಿರಿ, ಎಂದು ಬರೆಯಿರಿ ಮೇಷ್ಟ್ರೇ ಎಂದರು. ಅವರ ಮೇಲೆ ನಮಗೆ ಗೌರವವಿದೆ. ಈ ಮಾತನ್ನು ಮಾತ್ರ ನಾವು ಒಪ್ಪುವುದಿಲ್ಲ.

ಅಮೆರಿಕದಲ್ಲಿ ಇರ್ವಿಂಗ್ ಬರ್ಲಿನ್ ಎಂಬ ಹಾಡುಕಟ್ಟುವವನಿದ್ದನು. ೧೮೮೮ರಲ್ಲಿ ರಷ್ಯದ ಚಕ್ರಾಧಿಪತ್ಯದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿ, ಐದು ವರ್ಷದ ಮಗುವಾಗಿದ್ದಾಗ ನ್ಯೂಯಾರ್ಕಿನ ಬಡಕೇರಿಗೆ ಬಂದವನು. ಬಿಳಿಯ ಕ್ರಿಸ್ಮಸ್ಸಿನ ಕನಸು ಕಾಣುವ ಆ ಪ್ರಸಿದ್ಧ ಹಾಡು ಅವನದೇ. ಬಿಂಗ್ ಕ್ರಾಸ್ಬಿ ಎಂಬ ಗಾಯಕ ೧೯೪೨ರಲ್ಲಿ ಅದನ್ನು ಹಾಡಿದನು. ಸಮುದ್ರದಾಚೆಯ ಯುದ್ಧರಂಗದಲ್ಲಿದ್ದ ಸಿಪಾಯಿಗಳು ಅದನ್ನು ಮತ್ತೆ ಮತ್ತೆ ಕೇಳಬಯಸಿದರು. ಈಗ ಹೆಚ್ಚಾಗಿ ಹಾಡದೆ ಬಿಡುವ ಅದರ ಮೊದಲ ಭಾಗದಲ್ಲಿ ಹಾಡುವವನು ಕೂತಿರುವುದು ಹಿಮದಲ್ಲಿ ಅಲ್ಲ, ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ, ಕಿತ್ತಳೆ ಮರಗಳ ನಡುವೆ. ಬರ್ಲಿನ್ನನಿಗೆ ಒಬ್ಬ ಹಸುಮಗನಿದ್ದನು. ಆ ಮಗು ೧೯೨೮ರ ಕ್ರಿಸ್ಮಸ್ ದಿನವೇ ತೀರಿಕೊಂಡಿತ್ತು. ಇದನ್ನು ತಿಳಿದ ಮೇಲೆ ಆ ಕನಸನ್ನು ನೋಡಿ ನಗುವ ಧೈರ್ಯ ನಮಗಿಲ್ಲ. ಕನಸಿನಲ್ಲಿ ಜನ ಬಯಸುವುದು ಹಿಮವನ್ನಲ್ಲ, ಎಲ್ಲರೂ ಒಂದೇ ಮನೆಯಲ್ಲಿ, ಒಂದೇ ದಿನ, ಕೆಲಸವಿಲ್ಲದೆ ಕೂಡಿರುವುದನ್ನು. ಬೆಳಕು, ಬಿಸಿ ಊಟ, ಬಿಡುವು. ಇದರಲ್ಲಿ ಯಾವುದು ಐಷಾರಾಮ?

ಆ ಬಿಡುವನ್ನು ಯಾರೂ ಉಡುಗೊರೆ ಕೊಟ್ಟಿಲ್ಲ. ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜೆಯಾದದ್ದು ೧೯೫೮ರಲ್ಲಿ. ಅಲ್ಲಿಯವರೆಗೆ ಅಲ್ಲಿ ಎಷ್ಟೋ ಕಾರ್ಮಿಕರು ಡಿಸೆಂಬರ್ ೨೫ರಂದು ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ನಮ್ಮಲ್ಲಿ ಹಬ್ಬದ ಹಣದ ಕಥೆಯೂ ಹಾಗೆಯೇ. ಮೊದಲ ಮಹಾಯುದ್ಧದ ಲಾಭದಿಂದ ಮುಂಬಯಿಯ ಗಿರಣಿಗಳವರು ಕೊಡತೊಡಗಿದ್ದ ಬೋನಸ್ಸನ್ನು ಯುದ್ಧಾನಂತರ ನಿಲ್ಲಿಸಿದಾಗ, ೧೯೨೪ರ ಜನವರಿಯಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಕಾರ್ಮಿಕರು ಮುಷ್ಕರ ಹೂಡಿದರು. ಬೋನಸ್ಸು ಧಣಿಯ ಕೃಪೆ, ಅದರ ಮೇಲೆ ಹಕ್ಕಿಲ್ಲ, ಎಂದು ವಿಚಾರಣಾ ಸಮಿತಿ ತೀರ್ಪಿತ್ತಿತು. ಕಾರ್ಮಿಕರು ಸೋತು ಒಳಗೆ ಹೋದರು. ಕೃಪೆಯಲ್ಲ ಹಕ್ಕು ಎಂದು ಕಾನೂನು ಬಾಯಿ ಬಿಡಲು ೧೯೬೫ರವರೆಗೆ ಕಾಯಬೇಕಾಯಿತು. ಅಂದು ಮುಂಬಯಿಯ ಬೀದಿಯಲ್ಲಿ ನಿಂತವರಿಗೆ ಯಾರಾದರೂ ಸರಳವಾಗಿರಿ ಎಂದು ಉಪದೇಶಿಸಿದ್ದರೆ ಅದು ಧಣಿಗಳ ಕಿವಿಗೆ ಬಹಳ ಇಂಪಾಗಿರುತ್ತಿತ್ತು.

ಆದುದರಿಂದ ಕನಸು ಇರಲಿ. ನಾಚಿಕೆ ಬೇಡ. ಮತ್ತು ನಾಚಿಕೆಯಿಂದ ಹುಟ್ಟುವ ಸಾಲ ಖಂಡಿತ ಬೇಡ. ಗಾಜಿನ ಮುಂದೆ ನಾವು ಕಂಡ ಆ ಕೆಲಸಗಾರರು ಚೀಟಿಯನ್ನು ಅವಧಿಗೆ ಮುಂಚೆಯೇ ಕೂಗಿ, ಕಳೆದುಕೊಂಡು ಎತ್ತಿದರು. ಆರು ಅಡಿಯ ಮರ, ದೀಪದ ಸರ, ನಕ್ಷತ್ರ ಎಲ್ಲವನ್ನೂ ತಂದರು. ಅವರ ಮನೆ ಹತ್ತಡಿ ಅಗಲ. ಮರ ನಿಂತ ಮೇಲೆ ಅಜ್ಜಿಯ ಮಂಚವನ್ನು ಹೊರಗಿನ ಜಗಲಿಗೆ ಹಾಕಬೇಕಾಯಿತು, ಡಿಸೆಂಬರಿನ ಚಳಿ. ಗಿರಣಿಯ ಬಾಗಿಲಿನ ಕಿರಾಣಿ ಅಂಗಡಿಯವರು ಈ ಮಾತನ್ನು ನಮಗೆ ಹೇಳಿದಾಗ ಅವರ ಧ್ವನಿಯಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಾಗಿತ್ತು. ಆ ಮನೆಯ ಮೂರು ತಿಂಗಳ ಉದ್ರಿ ಅವರ ಪುಸ್ತಕದಲ್ಲಿ ಹಾಗೆಯೇ ಇದೆ. ಪ್ರತಿ ವರ್ಷ ಡಿಸೆಂಬರಿನಲ್ಲಿ ಓಣಿಗೆ ಬೆಲ್ಲ, ಕೊಬ್ಬರಿ, ರವೆ, ಎಣ್ಣೆ ಕೊಡುವವರು ಇವರೇ. ಈ ವರ್ಷ ಕೊಬ್ಬರಿ ಹೋಗಲಿಲ್ಲ ಎಂದು ಅವರೂ ಬೆಂಗಳೂರಿನ ಸಗಟು ವ್ಯಾಪಾರಿಯಿಂದ ಒಂದು ತಿಂಗಳ ಕಡದಲ್ಲಿ ಮಿಣುಕುದೀಪದ ಸರ ತಂದು ತೂಗುಹಾಕಿದ್ದಾರೆ. ೨೬ನೆಯ ತಾರೀಖಿನ ಮೇಲೆ ಅವನ್ನು ಕೇಳುವವರಿಲ್ಲ. ಒಂದು ಕೊಬ್ಬರಿ ಬಟ್ಟಲಾದರೆ ಸಂಕ್ರಾಂತಿಗಾದರೂ ಹೋಗುತ್ತಿತ್ತು.

ಓಣಿಯ ಉಳಿದ ಮನೆಗಳಲ್ಲಿ ಹಬ್ಬ ತನ್ನ ಪಾಡಿಗೆ ತಾನು ನಡೆದಿದೆ. ಮಂಗಳೂರು ಕಡೆಯವರ ಮನೆಯಲ್ಲಿ ಕುಸ್ವಾರದ ಸಿದ್ಧತೆ: ನೆವ್ರ್ಯೊ, ಕಿಡ್ಯೊ, ಗುಳಿಯೊ, ತುಕ್ಡಿ. ಕಿಡ್ಯೊ ಮಾಡುವಾಗ ಹಿಟ್ಟಿನ ಚೂರನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು; ಒಬ್ಬರಿಂದ ಆಗುವ ಕೆಲಸವಲ್ಲ, ನೆರೆಯ ಲಿಂಗಾಯತರ ಮನೆಯ ಹುಡುಗಿಯರೂ ಸಾಬರ ಮನೆಯ ಹುಡುಗಿಯರೂ ಬಂದು ಕೂತು ಒತ್ತುತ್ತಾರೆ. ಗದಗು ಕಡೆಯವರಲ್ಲಿ ಕರ್ಚೀಕಾಯಿ, ಶೇಂಗಾ ಉಂಡಿ, ಚಕ್ಕುಲಿ. ಹುಲ್ಲು, ಮಣ್ಣು, ಹಳೆಯ ರಟ್ಟು ಸೇರಿಸಿ ಹುಡುಗರು ಗೋದಲಿ ಕಟ್ಟಿದ್ದಾರೆ. ಬಿದಿರಕಡ್ಡಿ, ಬಣ್ಣದ ಕಾಗದದ ನಕ್ಷತ್ರದೊಳಗೆ ಒಂದು ಬಲ್ಬು. ಗೋದಲಿಯ ಪಕ್ಕದಲ್ಲಿ ರಾಗಿ ಚೆಲ್ಲಿ ನೀರು ಹಾಕಿದ್ದರು, ಮೊಳಕೆ ಎರಡು ಬೆರಳು ಎದ್ದಿದೆ. ಅಲ್ಲಿ ಒಂದು ಕಡೆ ಹಿಮವಿರಲಿಲ್ಲ. ಅರಳೆ ಹಾಕಲಿಲ್ಲವೇನೋ ಎಂದು ನಾವು ಒಬ್ಬ ಹುಡುಗನನ್ನು ಕೇಳಿದೆವು. “ಅಪ್ಪ ಬೈತಾರೆ ಸಾರ್. ಮನೇಲೂ ಅದೇ ನೋಡ್ಬೇಕೇನ್ರೋ ಅಂತಾರೆ” ಎಂದ.

ಈ ಓಣಿಯವರಿಗೆ ಈ ವರ್ಷ ಬೇಕಾಗಿರುವುದು ಮರವಲ್ಲ, ಒಂದು ರಾತ್ರಿ. ಗಿರಣಿಯ ಹಬ್ಬದ ರಜೆಯ ಪಟ್ಟಿಯಲ್ಲಿ ಕ್ರಿಸ್ಮಸ್ ಇಲ್ಲ. ೨೪ರಂದು ಎರಡನೆಯ ಪಾಳಿ ಬಿಡುವುದು ಹನ್ನೊಂದಕ್ಕೆ, ಮೂರನೆಯ ಪಾಳಿ ಹಿಡಿಯುವುದೂ ಆಗಲೇ. ಚರ್ಚು ಊರಿನ 另一 ತುದಿಯಲ್ಲಿದೆ. ಓಣಿಯ ಹದಿನಾಲ್ಕು ಜನರಿಗೆ ಅಂದು ಈ ಎರಡು ಪಾಳಿ ಬಂದಿದೆ. ಅವರಲ್ಲಿ ನಮ್ಮ ಹತ್ತಕ್ಕೆ ನಾಲ್ಕರ ಹುಡುಗನೂ ಒಬ್ಬ. ಈಗ ಅವನು ರಿಂಗ್ ಫ್ರೇಮಿನಲ್ಲಿದ್ದಾನೆ, ಎರಡು ಮಕ್ಕಳ ತಂದೆ. ಮುಂದಿನ ವರ್ಷದ ಪಟ್ಟಿಗೆ ಕ್ರಿಸ್ಮಸ್ಸನ್ನು ಸೇರಿಸಬೇಕೆಂದು ಯೂನಿಯನ್ ಅರ್ಜಿ ಕೊಟ್ಟಿದೆ. ಈ ವರ್ಷಕ್ಕೆ ಪಾಳಿ ಬದಲಿಸಿಕೊಳ್ಳುವುದೊಂದೇ ದಾರಿ, ಅದಕ್ಕೆ ಮೇಲ್ವಿಚಾರಕರ ಅಡ್ಡಿಯಿಲ್ಲ. ದೀಪಾವಳಿಯ ಅಮಾವಾಸ್ಯೆಯ ರಾತ್ರಿ ಈ ಹದಿನಾಲ್ಕು ಜನರಲ್ಲಿ ಒಂಬತ್ತು ಮಂದಿ ಬೇರೆಯವರ ಪಾಳಿ ಹೊತ್ತಿದ್ದರು ಎಂಬುದು ಯಾರ ಪಾಳಿಯನ್ನು ಹೊತ್ತಿದ್ದರೋ ಅವರಿಗೆ ಗೊತ್ತಿದೆ. ರಂಜಾನಿನ ಸಂಜೆಗಳಲ್ಲಿಯೂ ಹೀಗೆಯೇ ನಡೆದಿದೆ.

ಇದುವರೆಗೆ ಆರು ಹೆಸರು ಬಂದಿವೆ. ಇನ್ನು ಎಂಟು ಬೇಕು. ಯೂನಿಯನ್ ಕಚೇರಿಯ ಮೇಜಿನ ಮೇಲೆ ನೋಟುಪುಸ್ತಕ ಇಟ್ಟಿದೆ. ಹೆಸರು, ಖಾತೆ, ಯಾರ ಬದಲಿಗೆ ಎಂದು ಬರೆಯಬೇಕು. ೨೨ರ ಸಂಜೆ ಆರರವರೆಗೆ ಅಲ್ಲಿ ನಾವಿರುತ್ತೇವೆ.